ದೊಡ್ಡಪ್ಪನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟಿವೆ, ಯುಗಾದಿ ಆದ್ಮೇಲೆ ಮರ ಕಡಿಸ್ತೀನಿ ಅಂತಾವ್ರೆ, ಏನ್ ಮಾಡೋದು?

ಕೆರೆಕೋಡಿ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಮ್ಮದು ತುಮಕೂರು ಜಿಲ್ಲೆ, ಊರ ಹೆಸ್ರು ಇಲ್ಲಿ ಹಾಕ್ತಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ತಾಲೂಕಲ್ಲಿ ನಾವೊಂದು ಹದಿನಾಲ್ಕು ಜನ ಎರಡು ವರ್ಷದಿಂದ ಹಕ್ಕಿ ನೋಡೋ ಗುಂಪು ಮಾಡ್ಕೊಂಡಿದೀವಿ, ಇಬ್ರು ಮೇಷ್ಟ್ರು, ಒಬ್ಬ ಮೊಬೈಲ್ ರಿಪೇರಿ ಅಂಗಡಿ ಹುಡುಗ, ಉಳಿದೋರು ಹೆಚ್ಚಾಗಿ ಕಾಲೇಜಿನವರು. ಬೈನಾಕ್ಯುಲರ್ ಇರೋದು ಮೂರೇ, ಕೈ ಬದಲಾಯಿಸ್ಕೊಂಡು ನೋಡ್ತೀವಿ. ಭಾನುವಾರ ಬಂದ್ರೆ ಒಂದೊಂದು ಕೆರೆ, ನೀರುಕಾಗೆ ಎಷ್ಟು, ಬೆಳ್ಳಕ್ಕಿ ಎಷ್ಟು ಅಂತ ಎಣಿಸಿ, ಹಕ್ಕಿ ಲೆಕ್ಕ ಹಾಕೋ ಜಾಲತಾಣ ಇ-ಬರ್ಡ್‌ಗೆ ಹಾಕೋದು, ಜನವರಿಯಲ್ಲಿ ನೀರುಹಕ್ಕಿ ಗಣತಿ ಮಾಡೋದು, ಇಷ್ಟೇ ನಮ್ಮ ಕೆಲಸ ಇಲ್ಲಿವರೆಗೆ.

ಈ ವರ್ಷ ನಮ್ಮೂರಿಗೇ ಬಣ್ಣದ ಕೊಕ್ಕರೆ ಬಂದಿವೆ! ನಮ್ಮ ದೊಡ್ಡಪ್ಪನ ಮನೆ ಹಿತ್ತಲಲ್ಲಿ ಮೂರು ದೊಡ್ಡ ಹುಣಸೆ ಮರ ಇವೆ, ಅಜ್ಜನ ಕಾಲದವು, ಅದರಲ್ಲಿ ಮೊನ್ನೆ ಎಣಿಸಿದಾಗ 38 ಗೂಡು ಇತ್ತು. ನಂಗೆ ಬುದ್ಧಿ ಬಂದಾಗಿಂದ ನಮ್ಮೂರಲ್ಲಿ ಇವು ಗೂಡು ಕಟ್ಟಿದ್ದು ನೋಡಿಲ್ಲ, ಕೆರೆ ಎರಡು ವರ್ಷ ಸತತವಾಗಿ ಕೋಡಿ ಬಿದ್ದಿದ್ದಕ್ಕೇ ಬಂದಿರಬೇಕು ಅಂತ ಅನ್ಸುತ್ತೆ. ಬೆಳಿಗ್ಗೆ ಎದ್ದು ಹಿತ್ತಲ ಬಾಗ್ಲು ತೆಗೆದ್ರೆ ಆ ಕೊಕ್ಕು ಪಟಪಟ ಬಡಿಯೋ ಸದ್ದು, ಬಾಲದ ಹತ್ರದ ಆ ಗುಲಾಬಿ ಗರಿ, ನಾನಂತೂ ಮೊದಲ ದಿನ ಅತ್ತೇಬಿಟ್ಟೆ.

ಆದ್ರೆ ದೊಡ್ಡಪ್ಪಂಗೆ ಸಿಟ್ಟು. ಮೂರು ಮರ ಸೇರಿ ವರ್ಷಕ್ಕೆ 18,000ಕ್ಕೆ ಗುತ್ತಿಗೆ ಹೋಗ್ತಿತ್ತು, ಈ ಸಲ ಗುತ್ತಿಗೆದಾರ ಬಂದು ಮೇಲೆ ನೋಡಿ, ಹಣ್ಣೆಲ್ಲ ಹಿಕ್ಕೆ ಆಗಿದೆ, ಹುಡುಗ್ರು ಮರ ಹತ್ತಲ್ಲ ಅಂತ ವಾಪಸ್ ಹೋದ. ಹಿತ್ತಲಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ, ಮೀನು ಬೀಳುತ್ತೆ, ವಾಸನೆ, ಸಂಪಿನ ಮುಚ್ಚಳದ ಮೇಲೆಲ್ಲ ಹಿಕ್ಕೆ. ಯುಗಾದಿ ಕಳೀಲಿ, ಸೌದೆಗೆ ಕೊಟ್ಬಿಡ್ತೀನಿ ಅಂತಾವ್ರೆ. ಅಷ್ಟೊತ್ತಿಗೆ ಗೂಡು ತುಂಬ ಮರಿ ಇರ್ತವೆ.

ಗುಂಪಲ್ಲಿ ಕೆಲವ್ರು ಅರಣ್ಯ ಇಲಾಖೆಗೆ ಕಂಪ್ಲೇಂಟ್ ಕೊಡಣ ಅಂತಾರೆ, ಕೆಲವ್ರು ಪೇಪರ್‌ಗೆ ಹಾಕ್ಸಣ ಅಂತಾರೆ. ನಂಗೆ ಎರಡೂ ಭಯ. ನಮ್ಮಲ್ಲೇ ಒಬ್ಬ ಫೋಟೋ ಲೊಕೇಶನ್ ಸಮೇತ ಹಾಕ್ಬಿಟ್ಟಿದ್ದ, ಮುಂದಿನ ಭಾನುವಾರವೇ ಎರಡು ಕಾರಲ್ಲಿ ಫೋಟೋಗ್ರಾಫರ್‌ಗಳು ಬಂದು ದೊಡ್ಡಪ್ಪನ ಕೇಳದೆ ಹಿತ್ತಲಿಗೆ ನುಗ್ಗಿ ಡ್ರೋನ್ ಹಾರ್ಸಿದ್ರು, ಎಲ್ಲ ಹಕ್ಕಿ ಒಂದೇ ಸಲ ಎದ್ದು ಎರಡು ಮೊಟ್ಟೆ ಕೆಳಗೆ ಬಿದ್ದು ಒಡೆದ್ವು. ಅವತ್ತಿಂದ ದೊಡ್ಡಪ್ಪ ನಮ್ಮ ಗುಂಪಿನವರ ಮುಖ ಕಂಡ್ರೂ ಮಾತಾಡ್ತಿಲ್ಲ. ಅಪ್ಪ ಬೇರೆ, ಹೆಣ್ಣುಮಗಳು ನಿಂಗ್ಯಾಕಮ್ಮ ಮರದ ಪಂಚಾಯ್ತಿ ಅಂತಾರೆ. ಇಂಥದ್ದು ಯಾರಾದ್ರೂ ನೋಡಿದೀರಾ, ಎಲ್ಲಿಂದ ಶುರು ಮಾಡ್ಲಿ?

ಶಿಂಷಾದಡ

ತಂಗಿ, ನಾನು ಮದ್ದೂರು ಕಡೆಯವನು, ಕೊಕ್ಕರೆ ಬೆಳ್ಳೂರು ನಮಗೆ ನೆಂಟರ ಊರು. ನಿನ್ನ ಪ್ರಶ್ನೆ ಓದ್ತಾ ಇದ್ರೆ ಆ ಊರಿನ ಕಥೆನೇ ಓದ್ದಂಗಾಯ್ತು.

ಅಲ್ಲೂ ಹಂಗೇ, ಮರ ಇರೋದು ಸರ್ಕಾರದ ಜಾಗದಲ್ಲಲ್ಲ, ಬೀದಿ ನಡುವೆ, ಜನರ ಹಿತ್ತಲಲ್ಲಿ, ಹುಣಸೆ, ಆಲ, ಅರಳಿ. ಹೆಜ್ಜಾರ್ಲೆ (ಪೆಲಿಕನ್) ಮತ್ತೆ ಬಣ್ಣದ ಕೊಕ್ಕರೆ ಎರಡೂ ಗೂಡು ಕಟ್ತವೆ. ಊರವ್ರು ಹೇಳೋ ಪ್ರಕಾರ ಊರು ಮೊದ್ಲು ಶಿಂಷಾ ನದಿ ಪಕ್ಕ ಇತ್ತಂತೆ, ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದ್ರೆ ಹಕ್ಕಿಗಳೂ ಹಿಂದೇನೇ ಬಂದ್ವಂತೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಅಲ್ಲಿ. ಹೊರಗಿನೋರಿಗೆ ಇದು ಸರಿಯಾಗಿ ಗೊತ್ತಾಗಿದ್ದು 1976ರಲ್ಲಿ, ಅರಣ್ಯ ಇಲಾಖೆಯಲ್ಲಿದ್ದ ಎಸ್.ಜಿ. ನೇಗಿನಹಾಳ ಅವ್ರು ಹೋಗಿ ನೋಡಿ ಬರೆದ ಮೇಲೆ.

ಆದ್ರೆ ತವರುಮನೆ ಅಂತ ಬಾಯಲ್ಲಿ ಹೇಳಿದ್ರೆ ಮರ ಉಳಿಯಲ್ಲ ತಂಗಿ. ಅಲ್ಲೂ ಹುಣಸೆ ಮರ ಕಡಿದು ಮಾರಿದಾರೆ, ಮನೇಲಿ ಮದುವೆ ಇರುತ್ತೆ, ಸಾಲ ಇರುತ್ತೆ, ಮರದಿಂದ ಒಂದು ರೂಪಾಯಿ ಹುಟ್ಟದೇ ಇದ್ರೆ ಯಾರು ಎಷ್ಟು ದಿನ ಇಟ್ಕೊಂಡಾರು? ಅದಕ್ಕೇ ಅರಣ್ಯ ಇಲಾಖೆ ಗೂಡಿರೋ ಮರಕ್ಕೆ ಇಂತಿಷ್ಟು ಅಂತ ಮಾಲೀಕರಿಗೆ ಪರಿಹಾರ ಕೊಡೋ ಪದ್ಧತಿ ಶುರು ಮಾಡ್ತು. ದುಡ್ಡು ಸಾಲದು, ಟೈಮಿಗೆ ಬರಲ್ಲ ಅನ್ನೋ ಜಗಳ ಇದ್ದೇ ಇದೆ, ಆದ್ರೂ ಹುಣಸೆಹಣ್ಣಿನ ನಷ್ಟ ನಿಜ ಅಂತ ಯಾರೋ ಒಪ್ಕೊಂಡ್ರಲ್ಲ, ಅದು ದೊಡ್ಡದು. ಮತ್ತೆ ಮೈಸೂರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನೋ ತಂಡದವ್ರು ಬಂದು ಊರಲ್ಲೇ ವರ್ಷಗಟ್ಲೆ ಇದ್ದು ಕೆಲಸ ಮಾಡಿದ್ರು, ಊರ ಹುಡುಗ್ರನ್ನೇ ಸೇರ್ಸಿ ಹೆಜ್ಜಾರ್ಲೆ ಬಳಗ ಅಂತ ಆಯ್ತು, ಗೂಡಿಂದ ಬಿದ್ದ ಮರಿಗಳನ್ನ ಒಂದು ಆವರಣದಲ್ಲಿಟ್ಟು ಮೀನು ಹಾಕಿ ಸಾಕಿ ಹಾರೋಕೆ ಬಿಡೋರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯ್ತು. ಇಷ್ಟಕ್ಕೆ ಮೂವತ್ತು ವರ್ಷ ಹಿಡೀತು ಅನ್ನೋದನ್ನ ನಿಮ್ಮ ಗುಂಪಿನ ಹುಡುಗ್ರಿಗೆ ಹೇಳು, ಯುಗಾದಿ ಒಳಗೆ ಎಲ್ಲ ಆಗ್ಬೇಕು ಅಂತ ಅವಸರ ಪಡೋದು ಬೇಡ, ಯುಗಾದಿ ಒಳಗೆ ಆಗ್ಬೇಕಾದ್ದು ಒಂದೇ, ನಿಮ್ಮ ದೊಡ್ಡಪ್ಪ ಈ ಒಂದು ವರ್ಷ ಕೊಡಲಿ ಹಾಕಬಾರ್ದು.

ಇನ್ನೊಂದು ಮಾತು, ಅಲ್ಲಿ ಮರದ ಕೆಳಗೆ ಗುಂಡಿ ತೆಗೆದು ಹಿಕ್ಕೆನ ಕೆರೆ ಗೋಡು ಜೊತೆ ಸೇರ್ಸಿ ಗೊಬ್ಬರ ಮಾಡ್ತಿದ್ರು. ದೊಡ್ಡಪ್ಪನ ತೆಂಗಿಗೆ ಹಾಕಿ ನೋಡಿ.

ಬೇಲಿಹೂ

ಕಾನೂನು ವಿಚಾರ ನಾನು ಹೇಳ್ತೀನಿ, ಸ್ವಲ್ಪ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಬಂದೂಕು ಹಿಡಿದು ಹೊಡೆಯೋದಷ್ಟೇ ಅಲ್ಲ, ಕಾಡುಹಕ್ಕಿಗಳ ಮೊಟ್ಟೆ ಹಾಳು ಮಾಡೋದು, ಗೂಡಿಗೆ ತೊಂದರೆ ಕೊಡೋದು ಕೂಡ ಅದರೊಳಗೇ ಬರುತ್ತೆ. ಅಂದ್ರೆ ಮೊಟ್ಟೆ ಮರಿ ಇರೋ ಮರ ಕಡಿದ್ರೆ ಕೇಸ್ ಆಗಬಹುದು, ಮಾಲೀಕರ ಮೇಲೂ ಕಡಿಯೋಕೆ ಬಂದೋರ ಮೇಲೂ. ಆ ಡ್ರೋನ್ ಹಾರ್ಸಿದೋರೂ ಇದರಿಂದ ತಪ್ಪಿಸ್ಕೊಳೋಕೆ ಆಗಲ್ಲ. ಅದೂ ಅಲ್ದೆ ಮರ ಕಡಿಯೋಕೆ ಮೊದಲು ಅನುಮತಿ ಬೇಕಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಸಮುದಾಯ ಮೀಸಲು ಅಂದ್ರೆ ಏನು ಅಂತನೂ ಸ್ಪಷ್ಟ ಮಾಡ್ತೀನಿ, ತುಂಬಾ ಜನ ಅಭಯಾರಣ್ಯ ಅಂದ್ಕೊಂಡು ಹೆದರ್ತಾರೆ. ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದಾಗ ಇದನ್ನ ಸೇರ್ಸಿದ್ದು. ಖಾಸಗಿ ಅಥವಾ ಊರಿನ ಜಾಗದ ಜನ ತಾವಾಗೇ ಮುಂದೆ ಬಂದ್ರೆ ಮಾತ್ರ ಸರ್ಕಾರ ಘೋಷಣೆ ಮಾಡಬಹುದು, ಜಮೀನು ಕಿತ್ಕೊಳಲ್ಲ, ನೋಡ್ಕೊಳೋ ಸಮಿತಿಯಲ್ಲಿ ಊರವ್ರೇ ಹೆಚ್ಚು ಇರ್ತಾರೆ. ಆದ್ರೆ ಒಂದ್ಸಲ ಘೋಷಣೆ ಆದ್ಮೇಲೆ ಜಾಗದ ಬಳಕೆ ಬದಲಾಯಿಸ್ಬೇಕು ಅಂದ್ರೆ ಸಮಿತಿ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಅದನ್ನ ಮುಚ್ಚಿಟ್ಟು ಸಹಿ ಹಾಕಿಸ್ಕೋಬೇಡಿ, ಆಮೇಲೆ ಗೊತ್ತಾದ್ರೆ ನಂಬಿಕೆ ಹೋಗುತ್ತೆ.

ನನ್ನ ಸಲಹೆ, ಇವತ್ತೇ ಒಂದು ಅರ್ಜಿ ಬರೆದು ಅರಣ್ಯ ಇಲಾಖೆಗೆ ಕೊಟ್ಬಿಡಿ, ದಾಖಲೆ ಇರಲಿ.

ಹುಣಸೆತೋಪು

ಬೇಲಿಹೂ ಅವ್ರೇ, ಬೇಜಾರ್ ಮಾಡ್ಕಬ್ಯಾಡಿ, ನಿಮ್ಮ ಅರ್ಜಿನೇ ಮರಕ್ಕೆ ಕೊಡಲಿ ತಂದುಬುಡ್ತದೆ. ನಂದೂ ಶಿರಾ ಕಡೆ ಹನ್ನೊಂದು ಹುಣಸೆ ಮರ ಐತೆ, ಮರದ ಯಜಮಾನನ ಹೊಟ್ಟೆ ಸಂಕ್ಟ ನಂಗೊತ್ತು, ಅದಕ್ಕೇ ಬರೀತಾ ಇವ್ನಿ.

ಹುಣಸೆ ಅಂದ್ರೆ ನಮ್ಗೆ ಬ್ಯಾಂಕ್ ಇದ್ದಂಗೆ ಕಣಮ್ಮ. ಮಳೆ ಕೈ ಕೊಟ್ರೂ ಹುಣಸೆ ಕೈ ಬಿಡಾಕಿಲ್ಲ, ಬೋರ್ ಬತ್ತಿ ಅಡಿಕೆ ಒಣಗಿದ ವರ್ಸದಾಗೂ ನಮ್ಮನೇಲಿ ಮಕ್ಕಳ ಫೀಸ್ ಕಟ್ಟಿದ್ದು ಹುಣಸೆಹಣ್ಣು. ಹಣ್ಣು ಬಡಿಯೋ ಕಾಲ, ಈ ಹಕ್ಕಿ ಬಂದು ಕೂರೋ ಕಾಲ ಎರಡೂ ಒಂದೇ, ಸಂಕ್ರಾಂತಿಯಿಂದ ಯುಗಾದಿ ತಂಕ. ಮ್ಯಾಲೆ ಗೂಡಿದ್ರೆ ಗಳ ಎತ್ತಂಗಿಲ್ಲ, ಕೊಂಬೆ ಅಲ್ಲಾಡಿಸಂಗಿಲ್ಲ. ಹಿಕ್ಕೆ ಬಿದ್ದ ಹಣ್ಣು ತುಮಕೂರು ಮಂಡಿಗೆ ತಗಂಡೋದ್ರೆ ಯಾರೂ ಮುಟ್ಟಾಕಿಲ್ಲ. ಮನೆ ಹೆಂಗಸ್ರು ಹುಣಸೆ ಕುಟ್ಟಿ ಬೀಜ ತೆಗೆಯೋ ಕೂಲಿನೂ ಹೋಯ್ತು, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇಷ್ಟೆಲ್ಲ ಕಳಕಂಡು ಕೂತಿರೋನ ಮನೆ ಮುಂದೆ ಜೀಪ್ ಬಂದು ನಿಂತ್ರೆ, ಮರ ಕಡಿದ್ರೆ ಕೇಸು ಅಂದ್ರೆ, ಆವಯ್ಯ ಏನ್ ಮಾಡ್ತಾನೆ ಗೊತ್ತಾ? ಗೂಡಿದ್ರೆ ತಾನೆ ಕೇಸು ಅಂತ ಮುಂದಿನ ವರ್ಸ ಹಕ್ಕಿ ಬಂದು ಕೂತ ದಿನವೇ ಪಟಾಕಿ ಹೊಡೀತಾನೆ. ಪಕ್ಕದೂರಲ್ಲಿ ಇದನ್ನ ನಾನೇ ಕಣ್ಣಾರೆ ನೋಡಿವ್ನಿ.

ನಮ್ಮ ತಾಲೂಕಲ್ಲೇ ಕಗ್ಗಲಡು ಐತಲ್ಲ, ಊರ ಒಳಗೇ ಹುಣಸೆ ಮರದ ಮ್ಯಾಲೆ ಬಣ್ಣದ ಕೊಕ್ಕರೆ, ಬೂದು ಬಕ ಕೂರ್ತವೆ, ಜನ ಕಾಪಾಡ್ಕಂಡು ಬಂದವ್ರೆ. ಆಂಧ್ರದಾಗೆ ಹಿಂದೂಪುರ ಕಡೆ ವೀರಾಪುರ ಅಂತ ಐತೆ, ಅಲ್ಲೂ ಊರೊಳಗೇ ಇದೇ ಹಕ್ಕಿ. ನಿಮ್ಮ ದೊಡ್ಡಪ್ಪನ್ನ ಒಂದಿನ ಕಗ್ಗಲಡುಗೆ ಕರ್ಕಂಡೋಗಮ್ಮ. ಬೈನಾಕ್ಯುಲರ್ ಬ್ಯಾಡ, ಹಕ್ಕಿ ತೋರ್ಸೋದೂ ಬ್ಯಾಡ. ಅಲ್ಲಿ ಮರದ ಯಜಮಾನ್ರ ಜಗಲಿ ಮ್ಯಾಲೆ ಕೂರ್ಸಿ, ಅವ್ರವ್ರೇ ಮಾತಾಡ್ಕಳಿ. ರೈತ ಹೇಳಿದ್ದು ರೈತ ಕೇಳ್ತಾನೆ. ಮತ್ತೆ ಆ 18,000 ಯಾರು ಕೊಡ್ತಾರೆ ಅನ್ನೋದಕ್ಕೆ ಉತ್ರ ಇಟ್ಕಂಡು ಹೋಗು.

ಬೇಲಿಹೂ

ನೀವು ಹೇಳಿದ್ದು ಒಪ್ತೀನಿ ಅಣ್ಣ, ಕಂಪ್ಲೇಂಟ್ ಅನ್ನೋ ರೂಪದಲ್ಲಿ ಬೇಡ. ಆದ್ರೆ ಪರಿಹಾರ ಕೇಳೋಕಾದ್ರೂ ಇಲಾಖೆಗೆ ಹೋಗ್ಲೇಬೇಕಲ್ಲ. ಹಂಗಾದ್ರೆ ಅರ್ಜಿ ದೊಡ್ಡಪ್ಪನ ಹೆಸ್ರಲ್ಲೇ ಇರಲಿ, ನನ್ನ ಮರದಲ್ಲಿ ಇಷ್ಟು ಗೂಡು ಇದೆ, ನಂಗೆ ಇಷ್ಟು ನಷ್ಟ ಆಗಿದೆ ಅಂತ, ಗುಂಪಿನವರು ಎಣಿಕೆ ಪಟ್ಟಿ ಜೊತೆಗೆ ಲಗತ್ತಿಸಲಿ. ಎರಡು ವರ್ಷದಿಂದ ವಾರ ವಾರ ಮಾಡಿರೋ ಲೆಕ್ಕ ಇಂಥ ಹೊತ್ತಲ್ಲೇ ಕೆಲಸಕ್ಕೆ ಬರೋದು, ತಾರೀಖು, ಗೂಡಿನ ಸಂಖ್ಯೆ, ಕೆರೆ ನೀರಿನ ಮಟ್ಟ ಎಲ್ಲ ಬರೆದಿಡಿ.

ಬೆಳವಲದಾಂವ

ನಾವು ಗದಗ ಕಡೇವ್ರು. ನಮ್ಮಲ್ಲಿ ಮಾಗಡಿ ಕೆರಿ ಐತ್ರಿ, ಲಕ್ಷ್ಮೇಶ್ವರದ ಹತ್ರ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಚಳಿಗಾಲಕ್ಕ ಬರ್ತಾವು, 2024ರಾಗ ಅದಕ್ಕ ರಾಮ್ಸರ್ ತಾಣ, ಅಂದ್ರ ಜಗತ್ತಿನ ಮಟ್ಟದಾಗ ಮಹತ್ವದ ಜೌಗು ಜಾಗ, ಅಂತ ಹೆಸರೂ ಸಿಕ್ತು, ಅದರ ಜೋಡಿ ಹಗರಿಬೊಮ್ಮನಹಳ್ಳಿ ಕಡೆ ಅಂಕಸಮುದ್ರ, ಕರಾವಳಿಯ ಅಘನಾಶಿನಿ ಅಳಿವೆನೂ ಸೇರಿದ್ವು. ಖುಷಿನ ಆತ್ರಿ. ಆದ್ರ ಬಾತುಗೋಳು ಕೆರ್‍ಯಾಗ ಬರೇ ಕೂಡ್ತಾವ, ಮೇಯಾಕ ಸುತ್ತ ಹೊಲಕ್ಕ ಹೋಗ್ತಾವು. ಹೊಲದಾವ್ರು ಸುಮ್ನಿದ್ದಾರಂತನ ಹಕ್ಕಿ ಅದಾವು. ಬೋರ್ಡ್ ಹಾಕೋ ಮುಂದ ಆ ರೈತ್ರ ಹೆಸರು ಯಾರೂ ಬರಿಯಂಗಿಲ್ಲ, ಅದು ನನಗ ಭಾಳ ಕೆಟ್ಟ ಅನಸ್ತೈತಿ. ತಂಗಿ, ನಿಮ್ಮೂರಾಗ ಮುಂದ ಏನರ ಬೋರ್ಡ್ ಆತಂದ್ರ ದೊಡ್ಡಪ್ಪನ ಹೆಸರು ಮೊದಲ ಇರ್ಲಿ.

ಪಶುವೈದ್ಯೆ_ಹಾಸನ

ಮರಿ ಬೀಳೋ ಕಾಲ ಬರ್ತಾ ಇದೆ, ಅದಕ್ಕೇ ಕೆಲವು ವಿಷಯ ಈಗಲೇ ಹೇಳ್ತೀನಿ. ಮೊಟ್ಟೆ ಒಡೆಯೋಕೆ ಹತ್ತಿರ ಹತ್ತಿರ ಒಂದು ತಿಂಗಳು, ಮರಿ ಹಾರೋಕೆ ಇನ್ನೂ ಎರಡು ತಿಂಗಳ ಮೇಲೆ ಬೇಕು. ಗಾಳಿ ಮಳೆ ಬಂದಾಗ, ಮರಿಗಳು ಕಿತ್ತಾಡುವಾಗ ಬೀಳ್ತವೆ. ಬಿದ್ದ ಮರಿ ಕಂಡ ತಕ್ಷಣ ನಾಯಿ ಬರದ ಹಾಗೆ ಒಂದು ರಟ್ಟಿನ ಡಬ್ಬದಲ್ಲಿ ನೆರಳಲ್ಲಿಡಿ, ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತೆ, ಪ್ರೀತಿಯಿಂದ ನೀರು ಹಾಕಿ ಸಾಯಿಸಿರೋ ಮರಿಗಳನ್ನ ನನ್ನ ಹತ್ರ ತಂದಿದ್ದಾರೆ, ತುಂಬಾ ಸಂಕಟ ಆಗುತ್ತೆ. ಅನ್ನ, ಹಾಲು, ಬ್ರೆಡ್ ಯಾವುದೂ ಬೇಡ. ಇವು ಮೀನು ತಿನ್ನೋ ಹಕ್ಕಿ. ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ, ಒಳ್ಳೆ ಮನಸ್ಸಿಂದ ಆದ್ರೂ ಕಾಡುಹಕ್ಕಿನ ಮನೇಲಿ ಇಟ್ಕೊಳೋ ಹಾಗಿಲ್ಲ.

ಮನೆಯವರ ಆರೋಗ್ಯದ್ದೂ ಅಷ್ಟೇ ಮುಖ್ಯ. ಒಣಗಿದ ಹಿಕ್ಕೆನ ಗುಡಿಸಬೇಡಿ ಅಂತ ದೊಡ್ಡಮ್ಮಂಗೆ ಹೇಳಿ, ಧೂಳು ಎದೆಗೆ ಹೋಗುತ್ತೆ, ನೀರು ಚಿಮುಕಿಸಿ ಒದ್ದೆ ಮಾಡಿ ಬಳ್ಕೊಳ್ಳಿ, ಮೂಗಿಗೆ ಬಟ್ಟೆ ಇರಲಿ. ಸಂಪಿಗೆ ಭದ್ರ ಮುಚ್ಚಳ ಹಾಕ್ಸಿ, ಇದು ಮೊದಲ ಖರ್ಚು.

ಕೆರೆ ಮೇಲೂ ಒಂದು ಕಣ್ಣಿರಲಿ. 2017ರ ಕೊನೆಯಿಂದ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆ ತುಂಬ ದುಂಡುಹುಳ ಸಿಕ್ಕಿದ್ವು, ಮೀನಿನ ಮೂಲಕ ಒಳಗೆ ಹೋಗೋ ಹುಳ. ಮರ ಉಳಿಸಿದ್ರೂ ಕೆರೆಗೆ ಚರಂಡಿ ನೀರು ಬಿಟ್ರೆ ಪ್ರಯೋಜನ ಇಲ್ಲ. ಒಂದೇ ವಾರದಲ್ಲಿ ಎರಡು ಮೂರು ದೊಡ್ಡ ಹಕ್ಕಿ ಸತ್ರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಗೀಜಗ_ಮೈಸೂರು

ಲೊಕೇಶನ್ ವಿಚಾರ ಯಾರೂ ಮುಟ್ಲಿಲ್ಲ. ಇ-ಬರ್ಡ್‌ನಲ್ಲಿ ಹಾಕಿರೋ ಪಟ್ಟಿನ ಬೇರೆಯವರಿಗೆ ಕಾಣದ ಹಾಗೆ ಮರೆ ಮಾಡೋ ಸೌಲಭ್ಯ ಇದೆ, ಮರಿ ಹಾರಿ ಹೋಗೋವರೆಗೂ ಮರೆ ಮಾಡಿ, ಲೆಕ್ಕ ಎಲ್ಲೂ ಕಳೆದುಹೋಗಲ್ಲ. ಆ ಹುಡುಗನ ಮೇಲೆ ರೇಗಬೇಡಿ, ಹಾಕಿರೋ ಫೋಟೋನ ಡಿಲೀಟ್ ಮಾಡಿಸಿ, ಇನ್ಮುಂದೆ ಬರೋ ಕ್ಯಾಮೆರಾದವರನ್ನ ಬಾಗಿಲಲ್ಲೇ ನಿಲ್ಲಿಸೋ ಜವಾಬ್ದಾರಿ ಅವನಿಗೇ ಕೊಡಿ. ನಮ್ಮ ಗುಂಪಲ್ಲಿ ಗೂಡಿನ ಹತ್ರ ಕ್ಯಾಮೆರಾನೇ ತರಬಾರ್ದು ಅಂತ ಕಟ್ಟುನಿಟ್ಟು ಮಾಡಿದ್ವಿ, ಮೂರು ಜನ ಬಿಟ್ಟು ಹೋದ್ರು, ಹೋಗ್ಲಿ ಅಂದ್ವಿ.

ಮೂರು ಮರದ ಪಕ್ಕ ಕರೆಂಟ್ ತಂತಿ ಇದೆಯಾ ನೋಡಿ. ಇಷ್ಟು ದೊಡ್ಡ ರೆಕ್ಕೆಯ ಹಕ್ಕಿ, ಅದ್ರಲ್ಲೂ ಹೊಸದಾಗಿ ಹಾರೋ ಮರಿ, ತಂತಿಗೆ ತಗುಲಿ ಸಾಯೋದು ತುಂಬಾ.

ಕೆರೆಕೋಡಿ

ಹದಿನೈದು ದಿನ ಆಯ್ತು, ಏನಾಯ್ತು ಅಂತ ಹೇಳಣ ಅಂತ ಬಂದೆ.

ಹುಣಸೆತೋಪು ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ದೊಡ್ಡಪ್ಪಂಗೆ ಶಿರಾದಲ್ಲಿ ಟ್ರಾಕ್ಟರ್ ಬಿಡಿಭಾಗ ತರೋದಿತ್ತು, ಅದೇ ನೆಪ ಮಾಡಿ ನಾನೂ ಬರ್ತೀನಿ ಅಂತ ಹೋಗಿ ವಾಪಸ್ ಬರೋವಾಗ ಕಗ್ಗಲಡುಗೆ ಕರ್ಕೊಂಡು ಹೋದೆ. ನಾನು ಹಕ್ಕಿ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಅಲ್ಲಿ ಒಬ್ರು ಯಜಮಾನ್ರ ಮನೆ ಜಗಲಿ ಮೇಲೆ ಕೂತು ಒಂದೂವರೆ ಗಂಟೆ ಹುಣಸೆ ರೇಟು, ಮಳೆ, ಮಗನ ಕೆಲಸ, ಆಮೇಲೆ ವಾಸನೆಗೆ ಏನ್ ಮಾಡ್ತೀರಿ ಅಂತ ದೊಡ್ಡಪ್ಪನೇ ಕೇಳಿದ್ರು. ಬರ್ತಾ ದಾರೀಲಿ ಏನೂ ಮಾತಾಡ್ಲಿಲ್ಲ, ಊರು ಹತ್ರ ಬಂದಾಗ, ಈ ವರ್ಷ ಬಿಡ್ತೀನಿ, ಮುಂದಿನ ವರ್ಷದ್ದು ಈಗ್ಲೇ ಕೇಳ್ಬೇಡ ಅಂದ್ರು. ನಂಗೆ ಅಷ್ಟು ಸಾಕು.

ದುಡ್ಡಿನ ವಿಷಯಕ್ಕೆ ಗುಂಪಲ್ಲಿ ಕೂತು ಮಾತಾಡಿದ್ವಿ. ಈ ವರ್ಷ ಹೊಸ ಬೈನಾಕ್ಯುಲರ್‌ಗೆ ಅಂತ ಕೂಡಿಟ್ಟಿದ್ದ 7,500 ಇತ್ತು, ಮೇಷ್ಟ್ರಿಬ್ಬರೂ ಸೇರಿ 4,000 ಹಾಕಿದ್ರು, ಒಟ್ಟು 11,500 ತಗೊಂಡು ಹೋಗಿ ಕೊಟ್ವಿ. ದೊಡ್ಡಪ್ಪ ಮೊದಲು ಮುಟ್ಲೇ ಇಲ್ಲ, ಮಕ್ಕಳ ದುಡ್ಡು ನಂಗ್ಯಾಕೆ ಅಂದ್ರು. ಇದು ದಾನ ಅಲ್ಲ ದೊಡ್ಡಪ್ಪ, ಈ ವರ್ಷದ ಗುತ್ತಿಗೆ ನಾವು ತಗೊಂಡಿದೀವಿ, ಬಾಕಿ ಬೇಸಿಗೆ ಒಳಗೆ ಕೊಡ್ತೀವಿ ಅಂದ್ಮೇಲೆ ತಗೊಂಡ್ರು, ಚೀಟಿ ಕೂಡ ಬರೆಸ್ಕೊಂಡ್ರು. ಸಂಪಿಗೆ ಹೊಸ ಮುಚ್ಚಳ ಆಯ್ತು. ಅರ್ಜಿ ಅವರ ಹೆಸ್ರಲ್ಲೇ ಬರೆದಿದೀವಿ, ಸಹಿ ಇನ್ನೂ ಹಾಕಿಲ್ಲ, ಓದಿ ನೋಡ್ತೀನಿ ಅಂತ ಮಡಚಿ ಜೇಬಲ್ಲಿಟ್ಕೊಂಡಿದಾರೆ.

ದೊಡ್ಡಮ್ಮ ಮೊದಲಿಂದ ಏನೂ ಹೇಳಿರ್ಲಿಲ್ಲ. ಮೊನ್ನೆ ಮಧ್ಯಾಹ್ನ ಹಿತ್ತಲಿಗೆ ಕರೆದು ಮೇಲೆ ತೋರ್ಸಿದ್ರು, ಕೆಳಗಿನ ಕೊಂಬೆ ಗೂಡಲ್ಲಿ ಮೊಟ್ಟೆ ಒಡೆದು ಮೂರು ಮರಿ, ತಾಯಿ ಹಕ್ಕಿ ಬಿಸಿಲಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆ ಬಿಚ್ಚಿ ನಿಂತಿತ್ತು. ಹನ್ನೊಂದರಿಂದ ಹಿಂಗೇ ನಿಂತದೆ, ಅಲ್ಲಾಡಿಲ್ಲ ಅಂದ್ರು. ಬಟ್ಟೆ ಒಣಗಿಸೋ ಹಗ್ಗ ಅವರೇ ಮುಂದಿನ ಅಂಗಳಕ್ಕೆ ಕಟ್ಕೊಂಡಿದಾರೆ.

ಗೀಜಗ ಅವ್ರೇ, ತಂತಿ ಇದೆ, ಪೂರ್ವದ ಮರದಿಂದ ಹದಿನೈದು ಅಡಿ ದೂರ. ಅದಕ್ಕೇನು ಮಾಡೋದು ಅಂತ ಗೊತ್ತಾಗ್ತಿಲ್ಲ. ಮತ್ತೆ ಬೀಳೋ ಮರಿಗೆ ಅಂತ ಮರದ ಕೆಳಗೆ ಬಲೆ ಕಟ್ಟಣ ಅಂತಿದೀವಿ, ಹಳೇ ಮೀನುಬಲೆ ಆಗುತ್ತಾ, ಕಾಲು ಸಿಕ್ಕಾಕೊಳಲ್ವಾ?

ಪಶುವೈದ್ಯೆ_ಹಾಸನ

ಮೀನುಬಲೆ ಬೇಡಮ್ಮ, ನೈಲಾನ್ ಎಳೆ ಕಾಲಿಗೆ ಸುತ್ಕೊಂಡು ಕೊಯ್ಯುತ್ತೆ. ನರ್ಸರಿಯವರು ಗಿಡಕ್ಕೆ ಹಾಕೋ ಹಸಿರು ನೆರಳುಬಟ್ಟೆ ಕೇಳಿ, ಅದೇ ಸರಿ, ನಾಲ್ಕೂ ಕಡೆ ಗೂಟಕ್ಕೆ ಸಡಿಲವಾಗಿ ಕಟ್ಟಿ, ನೆಲದಿಂದ ಆಳೆತ್ತರ ಇರಲಿ, ಬಿಗಿಯಾಗಿ ಕಟ್ಟಿದ್ರೆ ಮರಿ ಪುಟಿದು ಹೊರಗೆ ಬೀಳುತ್ತೆ.

ಹುಣಸೆತೋಪು

ನಮ್ಮ ಅಡಿಕೆ ನರ್ಸರಿಗೆ ಹಾಕಿದ್ದ ನೆರಳುಬಟ್ಟೆ ಎರಡು ಸುರುಳಿ ಹಂಗೇ ಐತೆ ಕಣಮ್ಮ, ಹೊಸದಾಗಿ ದುಡ್ಡು ಹಾಕ್ಬ್ಯಾಡ. ಭಾನುವಾರ ಗಾಡಿಗೆ ಹಾಕ್ಕಂಡು ಬತ್ತೀನಿ, ಶಿರಾ ಬಸ್ ಸ್ಟ್ಯಾಂಡ್ ತಾವ ಯಾರನ್ನಾದ್ರೂ ಕಳ್ಸು, ಊರಿಗೆ ದಾರಿ ತೋರ್ಸಲಿ. ತಂತಿಗೆ ಲೈನ್‌ಮನ್ ಹತ್ರ ದೊಡ್ಡಪ್ಪನೇ ಮಾತಾಡಲಿ, ಅದನ್ನ ಅವ್ರಿಗೆ ನಾನೇ ಹೇಳ್ತೀನಿ.